ಅಪ್ಪನ ಹಳೇ ಕಂಪ್ಯೂಟರ್‌ನಲ್ಲಿರುವ ಮೇಲ್ ಉಳಿಸಬೇಕು, ದಾರಿ ಹೇಳಿ

ಗವಿಮಠ ಓಣಿ, ಕೊಪ್ಪಳ
ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅಪ್ಪ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕೊಪ್ಪಳ ಸುತ್ತಲಿನ ಶಾಸನ, ವೀರಗಲ್ಲು ಅಂದರೆ ಅವರಿಗೆ ಜೀವ. 2007ರಿಂದ 2021ರವರೆಗೆ ಧಾರವಾಡ, ಮೈಸೂರು, ಹಂಪಿ ಅಂತ ಎಲ್ಲೆಲ್ಲೋ ಇರುವ ಗೆಳೆಯರ ಜೊತೆ ಮೇಲ್‌ನಲ್ಲೇ ಚರ್ಚೆ ಮಾಡಿದ್ದಾರೆ. ಕಲ್ಲಿನ ಫೋಟೊ, ಓದಿ ಬರೆದ ಪಾಠ, ಒಂದೊಂದು ಅಕ್ಷರದ ಮೇಲೆ ನಡೆದ ವಾದ, ಎಲ್ಲ ಅದರಲ್ಲೇ ಇದೆ. ಬೇರೆಲ್ಲೂ ಇಲ್ಲ. ಕಂಪ್ಯೂಟರ್ ವಿಂಡೋಸ್ 7, ಮೇಲ್ ಇರುವುದು ಔಟ್‌ಲುಕ್ 2007 ಅನ್ನುವ ಮೇಲ್ ಪ್ರೋಗ್ರಾಂನಲ್ಲಿ.

ಹದಿನೈದು ದಿನದಿಂದ ಒಳಗೆ ಟಕ್ ಟಕ್ ಅಂತ ಸದ್ದು. ಒಮ್ಮೆ ಆನ್ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಅಂಗಡಿಯವರು ‘ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡ್ತೀನಿ’ ಅಂದರು. ಬೇಡ ಅಂದು ವಾಪಸ್ ತಂದೆ.

ಹೋದ ವರ್ಷ ಬ್ಯಾಕಪ್ ತೆಗೆದಿದ್ದೇನೆ ಅಂತ ಧೈರ್ಯವಾಗಿದ್ದೆ. ನಿನ್ನೆ ಆ ಪೆನ್‌ಡ್ರೈವ್ ತೆಗೆದು ನೋಡಿದರೆ ಅದರಲ್ಲಿ 2 ಕೆಬಿಯ ಒಂದು ಐಕಾನ್ ಮಾತ್ರ ಇದೆ. ಡೆಸ್ಕ್‌ಟಾಪ್ ಮೇಲಿದ್ದ ಔಟ್‌ಲುಕ್ ಚಿತ್ರವನ್ನೇ ಎಳೆದು ಹಾಕಿದ್ದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ರಾತ್ರಿ ಹೇಗೋ ಆನ್ ಆದಾಗ ನಿಜವಾದ ಫೈಲ್ ಹುಡುಕಿದೆ. ಔಟ್‌ಲುಕ್ ಮೇಲ್ ಎಲ್ಲ ಕೂಡಿಡುವ ಪಿಎಸ್‌ಟಿ ಫೈಲ್, 6.8 ಜಿಬಿ ಇದೆ. 16 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತಿದೆ. ಜಾಗ ಇದೆಯಲ್ಲ! ಏನು ಮಾಡಲಿ?

ಸಿಂಧನೂರು ರಿಪೇರಿ
ಅಣ್ಣ, ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಸುಮ್ನೆ ಆನ್ ಮಾಡಿ ನೋಡುವುದು ಬೇಡ. ಟಕ್ ಟಕ್ ಅಂದರೆ ಹಾರ್ಡ್ ಡಿಸ್ಕ್ ಕೊನೆಗೆ ಬಂದಿದೆ ಅಂತ ತಿಳಿಯಿರಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದಿರುವುದು ಕಡಿಮೆಯಾಗುತ್ತದೆ.

ಡಿಸ್ಕ್ ಬಿಚ್ಚಿ, ಸಾಟಾದಿಂದ (ಡಿಸ್ಕ್‌ನ ಹಿಂದಿನ ಕನೆಕ್ಟರ್) ಯುಎಸ್‌ಬಿಗೆ ಹಾಕುವ ಕೇಬಲ್ ತೊಗೊಂಡು ಲ್ಯಾಪ್‌ಟಾಪ್‌ಗೆ ಹಚ್ಚಿ. ಡೆಸ್ಕ್‌ಟಾಪ್ ಡಿಸ್ಕ್ ಆದ್ದರಿಂದ ಅಡಾಪ್ಟರ್ ಜೊತೆಗೆ ಬರುವ ಕೇಬಲ್ಲೇ ಬೇಕು. ಬರೀ ಯುಎಸ್‌ಬಿ ಕರೆಂಟ್ ಸಾಲುವುದಿಲ್ಲ.

ಗಂಗಾವತಿ ಮಿಲ್
ಪೆನ್‌ಡ್ರೈವ್ ವಿಷಯ ನಾನು ಹೇಳುತ್ತೇನೆ, ಇದೇ ಪೆಟ್ಟು ನಮಗೂ ಬಿದ್ದಿತ್ತು. ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಾದರೆ ಕೂರುವುದಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಬೇರೇನಾದರೂ ಇದ್ದರೆ ಮೊದಲು ತೆಗೆದಿಡಿ, ಎಲ್ಲ ಅಳಿಸಿಹೋಗುತ್ತದೆ.

ಬಳ್ಳಾರಿ ಅಕ್ಕ
ಫಾರ್ಮ್ಯಾಟ್ ಮಾಡುವಾಗ ಡ್ರೈವ್ ಅಕ್ಷರ ಎರಡು ಸಲ ನೋಡಿ ತಮ್ಮ. ಪೆನ್‌ಡ್ರೈವ್ ಬದಲು ಅಪ್ಪನ ಡಿಸ್ಕ್‌ಗೆ ಹೊಡೆದರೆ ಮುಗಿಯಿತು. ಅಪ್ಪನ ಡಿಸ್ಕ್ ಹಚ್ಚುವ ಮೊದಲೇ ಪೆನ್‌ಡ್ರೈವ್ ಕೆಲಸ ಮುಗಿಸಿಬಿಡಿ.

ರಾಯಚೂರು ಹತ್ತಿ
ಇಷ್ಟೆಲ್ಲ ಯಾಕೆ? ಮೇಲ್ ಸರ್ವರ್‌ನಲ್ಲಿ ಇರುತ್ತಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆದರೆ ಎಲ್ಲ ಬರುತ್ತದೆ. ನನ್ನ ಜೀಮೇಲ್ ಹಾಗೇ ಬಂತು.

ಗವಿಮಠ ಓಣಿ, ಕೊಪ್ಪಳ
ಅಪ್ಪನದು ಜೀಮೇಲ್ ಅಲ್ಲ ಸರ್. ಆಗ ಇಂಟರ್ನೆಟ್ ಕನೆಕ್ಷನ್ ಜೊತೆ ಕೊಟ್ಟ ಮೇಲ್ ಐಡಿ. ಆ ಕನೆಕ್ಷನ್ ಈಗಿಲ್ಲ. ಸೆಟ್ಟಿಂಗ್‌ನಲ್ಲಿ ಪಾಪ್3 ಅಂತ ಇತ್ತು.

ಸಿಂಧನೂರು ರಿಪೇರಿ
ಪಾಪ್3 ಅಂದರೆ ಅಂಚೆಯವನು ಚೀಲ ತಂದು ಮನೆಯಲ್ಲಿ ಸುರಿದು ಹೋದ ಹಾಗೆ. ‘ಸರ್ವರ್‌ನಲ್ಲಿ ಒಂದು ಪ್ರತಿ ಬಿಡು’ ಅನ್ನುವ ಟಿಕ್ ಹಾಕಿರದಿದ್ದರೆ ಇಳಿದ ಮೇಲ್ ಸರ್ವರ್‌ನಿಂದ ಅಳಿದಿರುತ್ತದೆ. ಹಾಗಾಗಿ ಆ 6.8 ಜಿಬಿ ಫೈಲೇ ಅಪ್ಪನ ಇಡೀ ಪೆಟ್ಟಿಗೆ. ಜೋಪಾನ.

ಬಳ್ಳಾರಿ ಅಕ್ಕ
ಹತ್ತಿ ಸರ್, ನಿಮ್ಮ ಜೀಮೇಲ್ ಬಗ್ಗೆಯೂ ಅಷ್ಟು ನಿಶ್ಚಿಂತೆ ಬೇಡ. ಜೀಮೇಲ್ ಥರದವು ಫೋನ್, ಕಂಪ್ಯೂಟರ್ ಎಲ್ಲದಕ್ಕೂ ಮೇಲ್ ತೋರಿಸುವ ವಿಧಾನ ಐಮ್ಯಾಪ್, ಅಂದರೆ ಕನ್ನಡಿ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ನಮ್ಮ ಮನೆಯವರು ಫೋನ್‌ನಲ್ಲಿ ಜಾಗ ಆಗಲಿ ಅಂತ ಹಳೇ ಮೇಲ್ ಎಲ್ಲ ಆಯ್ದು ಅಳಿಸಿದರು. ಫೋನ್‌ನಲ್ಲಿ ಮಾತ್ರ ಹೋಗುತ್ತದೆ ಅಂದುಕೊಂಡಿದ್ದರು. ಮಗಳ ಆಪರೇಷನ್ ಸಮಯದ ರಿಪೋರ್ಟ್ ಎಲ್ಲ ಅದರಲ್ಲಿತ್ತು. ನಮಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಜೀಮೇಲ್ ಟ್ರ್ಯಾಶ್ ಇಟ್ಟುಕೊಳ್ಳುವುದು 30 ದಿನ. ಆ ರಿಪೋರ್ಟ್ ಬೇಕಾದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ರಾಯಚೂರು ಹತ್ತಿ
ಅಳಿಸಿದರೆ ಹೋಗುತ್ತದೆ, ಒಪ್ಪಿದೆ. ಅಳಿಸದೇ ಇದ್ದರೆ? ಗೂಗಲ್‌ಗಿಂತ ಚೆನ್ನಾಗಿ ನಮ್ಮ ಪೆನ್‌ಡ್ರೈವ್ ಕಾಯುತ್ತದಾ?

ಬಳ್ಳಾರಿ ಅಕ್ಕ
ಗೂಗಲ್ ಅದರ ಡಿಸ್ಕ್ ಕೆಡದಂತೆ ಕಾಯುತ್ತದೆ. ನಿಮ್ಮ ಪಾಸ್‌ವರ್ಡ್ ಕದ್ದವನಿಂದ ಹೇಗೆ ಕಾಯುತ್ತದೆ? ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದು ಅನ್ನುವ ನಿಯಮವೂ ಡಿಸೆಂಬರ್ 2023ರಿಂದ ಇದೆ. ವರ್ಷಕ್ಕೆರಡು ಸಲ ಗೂಗಲ್ ಟೇಕ್‌ಔಟ್‌ಗೆ ಹೋಗಿ ಬರೀ ಮೇಲ್ ಆಯ್ದು ಇಳಿಸಿಕೊಳ್ಳಿ. ಎಂಬಾಕ್ಸ್ ಅನ್ನುವ ಫೈಲ್ ಬರುತ್ತದೆ. ಅದನ್ನು ಥಂಡರ್‌ಬರ್ಡ್ ಅನ್ನುವ ಉಚಿತ ಮೇಲ್ ಪ್ರೋಗ್ರಾಂನಲ್ಲಿ ತೆರೆದು ಓದಬಹುದು. ಒಂದು ಸಂಜೆಯ ಕೆಲಸ.

ಕುಷ್ಟಗಿ ಕಾಕಾ
ಹಾರ್ಡ್ ಡಿಸ್ಕ್ ಸದ್ದು ಮಾಡಿದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಫ್ರಿಜ್‌ನಲ್ಲಿ ಇಡಬೇಕು. ಬೆಳಿಗ್ಗೆ ಸರಿ ಓಡುತ್ತದೆ. ನಮ್ಮ ಪರಿಚಯದವರು ಮಾಡಿದ್ದಾರೆ.

ಸಿಂಧನೂರು ರಿಪೇರಿ
ಕಾಕಾ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ನಮ್ಮ ಬಿಸಿಲಿಗೆ ಹೇಗೆ ಬೆವರುತ್ತದೆ ನೋಡಿದ್ದೀರಲ್ಲ. ಡಿಸ್ಕ್ ಒಳಗೂ ಹಾಗೇ ನೀರು ಕೂರುತ್ತದೆ. ತಿರುಗುವ ತಟ್ಟೆಗೂ ಅದನ್ನು ಓದುವ ಹೆಡ್‌ಗೂ ನಡುವೆ ಕೂದಲೆಳೆಯಷ್ಟೂ ಜಾಗ ಇರುವುದಿಲ್ಲ. ಒಂದು ಹನಿ ಸಾಕು.

ಕುಷ್ಟಗಿ ಕಾಕಾ
ಸರಿಯಪ್ಪ, ಗೊತ್ತಿರಲಿಲ್ಲ. ಹಿಂದಕ್ಕೆ ತೆಗೆದುಕೊಂಡೆ. ಹುಡುಗ, ಫ್ರಿಜ್‌ನಲ್ಲಿ ಇಡಬೇಡ.

ಗವಿಮಠ ಓಣಿ, ಕೊಪ್ಪಳ
ಇಟ್ಟಿಲ್ಲ ಕಾಕಾ. ಕೇಬಲ್ ಜವಾಹರ ರಸ್ತೆಯಲ್ಲಿ ಸಿಕ್ಕಿತು. ಈಗ ಹಚ್ಚಿದ್ದೇನೆ. ಡಿಸ್ಕ್ ಕಾಣುತ್ತಿದೆ. ಆದರೆ ಅಪ್ಪನ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅನ್ನುತ್ತಿದೆ.

ತೋರಣಗಲ್ಲು ಶಿಫ್ಟ್
ಕಂಟಿನ್ಯೂ ಒತ್ತಿ, ಅಡ್ಮಿನ್ ಆಗಿದ್ದರೆ ತೆರೆಯುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ನಿಲ್ಲಿಸಬೇಡಿ. ಆಮೇಲೆ ಯೂಸರ್ಸ್, ಅಪ್ಪನ ಹೆಸರು, ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್. ಆ್ಯಪ್‌ಡೇಟಾ ಮುಚ್ಚಿಟ್ಟ ಫೋಲ್ಡರ್, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದರೆ ಕಾಣುತ್ತದೆ. ಅಲ್ಲಿ ಪಿಎಸ್‌ಟಿ ಎಷ್ಟಿದ್ದರೂ ಎಲ್ಲ ತೆಗೆದುಕೊಳ್ಳಿ. ಆರ್ಕೈವ್ ಹೆಸರಿನದು ಇದ್ದರೆ ಬಿಡಬೇಡಿ. ಔಟ್‌ಲುಕ್ 2007 ತಾನೇ ಹಳೇ ಮೇಲ್‌ಗಳನ್ನು ಬೇರೆ ಫೈಲ್‌ಗೆ ಸಾಗಿಸುತ್ತಿತ್ತು.

ಗವಿಮಠ ಓಣಿ, ಕೊಪ್ಪಳ
ಇದೆ! ಆರ್ಕೈವ್ 1.1 ಜಿಬಿ. ಇದು ಇದೆ ಅಂತಲೇ ಗೊತ್ತಿರಲಿಲ್ಲ. ಅದು ಕಾಪಿ ಆಯಿತು. ದೊಡ್ಡದು ಅರ್ಧಕ್ಕಿಂತ ಮುಂದೆ ಹೋಗಿ ನಿಂತಿತು. ಡೇಟಾ ಎರರ್, ಸಿಆರ್‌ಸಿ ಅಂತ ಬರುತ್ತಿದೆ. ಕೈ ನಡುಗುತ್ತಿದೆ.

ಸಿರುಗುಪ್ಪ ಲಿನಕ್ಸ್
ನಿಲ್ಲಿಸಿ. ಸಿಆರ್‌ಸಿ ಎರರ್ ಅಂದರೆ ಡಿಸ್ಕ್‌ನ ಆ ಜಾಗ ಸರಿಯಾಗಿ ಓದಲು ಬರುತ್ತಿಲ್ಲ ಅಂತ. ಮತ್ತೆ ಮತ್ತೆ ಕಾಪಿ ಮಾಡಬೇಡಿ. ವಿಂಡೋಸ್ ಕೆಟ್ಟ ಜಾಗ ಸಿಕ್ಕ ಕೂಡಲೇ ಅಲ್ಲೇ ತಿಕ್ಕಾಡುತ್ತದೆ, ಆಮೇಲೆ ಕೈ ಬಿಡುತ್ತದೆ. ಅದರ ಮುಂದೆ ಒಳ್ಳೇ ಭಾಗ ಎಷ್ಟೋ ಇರುತ್ತದೆ, ಅಲ್ಲಿಗೆ ಹೋಗುವುದೇ ಇಲ್ಲ.

ಇದಕ್ಕೆ ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಂ ಇದೆ, ಉಚಿತ. ಉಬುಂಟು (ವಿಂಡೋಸ್ ಬದಲು ಓಡುವ ಉಚಿತ ಲಿನಕ್ಸ್) ಹಾಕಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿ ಅದನ್ನು ಹಾಕಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಹಾರಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಕೊನೆಗೆ ಆ ಜಾಗಗಳಿಗೆ ಮರಳಿ ಬಂದು ಸಣ್ಣ ಸಣ್ಣದಾಗಿ ಓದಲು ನೋಡುತ್ತದೆ. ನಡುವೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ನಮ್ಮ ಕಡೆ ಇದು ಎಷ್ಟು ಮುಖ್ಯ ಅಂತ ಹೇಳಬೇಕಿಲ್ಲ.

ಇದು ಇಡೀ ಡಿಸ್ಕ್‌ನ ಪ್ರತಿ ತೆಗೆಯುತ್ತದೆ. ಹಾಗಾಗಿ ಅಪ್ಪನ ಡಿಸ್ಕ್‌ಗಿಂತ ದೊಡ್ಡದಾದ ಇನ್ನೊಂದು ಡಿಸ್ಕ್ ಬೇಕು. ನೀವು ಒಬ್ಬರೇ ಮಾಡಬೇಡಿ. ಮೂಲ ಯಾವುದು, ಗುರಿ ಯಾವುದು ಅನ್ನುವುದು ಅದಲು ಬದಲಾದರೆ ಅಪ್ಪನ ಡಿಸ್ಕ್ ಮೇಲೇ ಖಾಲಿ ಡಿಸ್ಕ್ ಬರೆದಂತಾಗುತ್ತದೆ. ಇವತ್ತು ರಾತ್ರಿ ಸ್ಕ್ರೀನ್ ಹಂಚಿಕೊಂಡು ಜೊತೆಗೆ ಕೂರುತ್ತೇನೆ.

ಮಾನ್ವಿ ಮೇಷ್ಟ್ರು
ಮನೆಯಲ್ಲಿ ಮಾಡುವುದಕ್ಕಿಂತ ಡೇಟಾ ರಿಕವರಿ ಲ್ಯಾಬ್‌ಗೆ ಕೊಡುವುದು ಒಳ್ಳೆಯದಲ್ಲವೇ? ಹೈದರಾಬಾದ್ ನಮಗೆ ಹತ್ತಿರ, ಬೆಂಗಳೂರಿನಲ್ಲೂ ಇವೆ.

ಸಿರುಗುಪ್ಪ ಲಿನಕ್ಸ್
ಡಿಸ್ಕ್ ಕಾಣದೇ ಹೋಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಮೇಷ್ಟ್ರೇ. ಕಾಣುತ್ತಿದೆ, ಒಂದು ಫೈಲ್ ಪೂರ್ತಿ ಬಂದಿದೆ. ಒಂದು ಪ್ರಯತ್ನ ಮಾಡಬಹುದು. ಸದ್ದು ಜಾಸ್ತಿಯಾದರೆ ಅಲ್ಲೇ ನಿಲ್ಲಿಸಿ ಲ್ಯಾಬ್‌ಗೆ ಕಳಿಸೋಣ.

ಸಿಂಧನೂರು ರಿಪೇರಿ
ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಟಕ್ ಟಕ್ ಅನ್ನುವ ಡಿಸ್ಕ್ ಅನ್ನು ಗಂಟೆಗಟ್ಟಲೆ ಓಡಿಸಿದರೆ ಲ್ಯಾಬ್‌ನವರಿಗೂ ಏನೂ ಉಳಿಯದಂತೆ ಆಗಬಹುದು. ಇದು ಅಪ್ಪನ ಗಂಟು, ಅವರನ್ನೇ ಕೇಳಿ ನಿರ್ಧಾರ ಮಾಡಿ. ಮುಚ್ಚಿಡಬೇಡಿ.

ಗವಿಮಠ ಓಣಿ, ಕೊಪ್ಪಳ
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಪಾಲ್ಕಿಗುಂಡಿನ ಮೇಲಿನ ಶಾಸನ ಅಶೋಕನ ಕಾಲದಿಂದ ಬಿಸಿಲು ಮಳೆಗೆ ನಿಂತಿದೆ, ಅಲ್ಲೂ ಅಕ್ಷರ ಸವೆದಿವೆ. ಸಿಕ್ಕಷ್ಟು ಓದುವುದೇ ನಮ್ಮ ಕೆಲಸ. ಮಾಡು’ ಅಂದರು. ರಾತ್ರಿ 9ಕ್ಕೆ ಕೂರುತ್ತೇವೆ.

ಮಾನ್ವಿ ಮೇಷ್ಟ್ರು
ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಮಸ್ಕಿ ಶಾಸನ ನಮ್ಮ ರಾಯಚೂರು ಜಿಲ್ಲೆಯದು. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅನ್ನುವ ಬಿರುದು ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು 1915ರಲ್ಲಿ ಸಿಕ್ಕ ಆ ಕಲ್ಲು. ಹಂಪಿ ಕಡೆಯವರ ಜೊತೆ ಅವರು ಬರೆದುಕೊಂಡಿದ್ದು ಉಳಿದರೆ ನಮ್ಮ ಶಾಲೆಯ ಮಕ್ಕಳಿಗೆ ಒಂದು ದಿನ ಬಂದು ಹೇಳುತ್ತಾರಾ ಕೇಳಿ.

ಗಂಗಾವತಿ ಮಿಲ್
ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ನಿನ್ನೆ ಗಾಳಿ ಮಳೆಗೆ ನಮ್ಮಲ್ಲಿ ರಾತ್ರಿ ಮೂರು ಸಲ ಕರೆಂಟ್ ಹೋಗಿದೆ. ಕೇಬಲ್‌ನ ಅಡಾಪ್ಟರ್ ಕೂಡ ಯುಪಿಎಸ್‌ಗೇ ಹಚ್ಚಿ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಅಂತ ಅಡಾಪ್ಟರ್ ಮರೆಯುತ್ತೇವೆ. ಡಿಸ್ಕ್‌ಗೆ ಗಾಳಿ ತಾಗುವಂತೆ ಟೇಬಲ್ ಫ್ಯಾನ್ ಹಾಕಿ.

ತೋರಣಗಲ್ಲು ಶಿಫ್ಟ್
ಅವರು ಕಾಯುವಷ್ಟರಲ್ಲಿ ಒಂದು ಮಾತು. ನಾನು ಥಂಡರ್‌ಬರ್ಡ್ ಬಳಸುತ್ತೇನೆ. ಮೇಲ್, ಸೆಟ್ಟಿಂಗ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ತಿಂಗಳಿಗೊಮ್ಮೆ ಮಾಡುತ್ತಿದ್ದೆ. ಹೊಸ ಕಂಪ್ಯೂಟರ್‌ಗೆ ಹಾಕಿದಾಗ ಇನ್‌ಬಾಕ್ಸ್‌ನಲ್ಲಿ ಮೇಲ್‌ಗಳ ತಲೆಬರಹ ಕಂಡಿತು. ಒತ್ತಿದರೆ ಒಳಗೆ ಏನೂ ಇಲ್ಲ. ಯಾಕೆ ಅಂದರೆ ಐಮ್ಯಾಪ್ ಖಾತೆಯಲ್ಲಿ ‘ಮೇಲ್‌ಗಳನ್ನು ಈ ಕಂಪ್ಯೂಟರ್‌ನಲ್ಲಿ ಇಟ್ಟುಕೋ’ ಅನ್ನುವ ಟಿಕ್ ತೆಗೆದಿದ್ದೆ, ಜಾಗ ಉಳಿಸಲು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ರೊನೈಸೇಶನ್ ಅನ್ನುವ ಜಾಗದಲ್ಲಿದೆ. ಇವತ್ತೇ ಎಲ್ಲರೂ ನೋಡಿಕೊಳ್ಳಿ.

ಬಳ್ಳಾರಿ ಅಕ್ಕ
ಒಳ್ಳೇ ಮಾತು. ಇನ್ನೊಂದು ಸೇರಿಸುತ್ತೇನೆ. ‘ಲೋಕಲ್ ಫೋಲ್ಡರ್ಸ್’ಗೆ ಎಳೆದು ಹಾಕಿದ ಮೇಲ್ ಸರ್ವರ್‌ನಲ್ಲಿ ಇರುವುದಿಲ್ಲ. ನಿಮ್ಮ ಡಿಸ್ಕ್‌ನಲ್ಲಿ ಮಾತ್ರ. ಕಾಪಿ ಮಾಡುವಾಗ ಥಂಡರ್‌ಬರ್ಡ್ ಮುಚ್ಚಿರಬೇಕು. ವಾಪಸ್ ಹಾಕಿದ ಮೇಲೆ ಪಟ್ಟಿ ಏರುಪೇರಾಗಿ ಕಂಡರೆ ಹೆದರಬೇಡಿ, ಎಂಎಸ್‌ಎಫ್ ಅಂತ ಕೊನೆಯಾಗುವ ಫೈಲ್ ಬರೀ ಸೂಚಿ. ಅದನ್ನು ಅಳಿಸಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಬಾಲವಿಲ್ಲದ ಹೆಸರಿನ ಫೈಲ್ ಇರುತ್ತದೆ, ಇನ್‌ಬಾಕ್ಸ್, ಸೆಂಟ್ ಅಂತ. ಮೇಲ್ ಇರುವುದು ಅದರಲ್ಲಿ. ಅದನ್ನು ಮುಟ್ಟಬೇಡಿ.

ರಾಯಚೂರು ಹತ್ತಿ
ಈಗ ನೋಡಿದೆ. ನನ್ನದರಲ್ಲೂ ಆ ಟಿಕ್ ಇರಲಿಲ್ಲ. ಹಾಕಿದೆ. ಟೇಕ್‌ಔಟ್‌ಗೂ ಕೊಟ್ಟಿದ್ದೇನೆ. ಅಕ್ಕ, ನೀವು ಹೇಳಿದ್ದು ಸರಿ.

ಗವಿಮಠ ಓಣಿ, ಕೊಪ್ಪಳ
ಬೆಳಿಗ್ಗೆ 6 ಗಂಟೆ. ಮಲಗಿಲ್ಲ. ಸಿರುಗುಪ್ಪ ಸರ್ 2 ಗಂಟೆಯವರೆಗೆ ಜೊತೆಗಿದ್ದರು. 250 ಜಿಬಿ ಡಿಸ್ಕ್, ಸ್ವಲ್ಪ ಬಿಟ್ಟು ಎಲ್ಲ ಬಂದಿದೆ. ನಡುವೆ ಒಮ್ಮೆ ಡಿಸ್ಕ್ ಮಾಯವಾಯಿತು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿದಾಗ ಬಿಟ್ಟಲ್ಲಿಂದಲೇ ಮುಂದುವರಿಯಿತು. ದೊಡ್ಡ ಪಿಎಸ್‌ಟಿ ಕೈಯಲ್ಲಿದೆ. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಔಟ್‌ಲುಕ್ ಇಲ್ಲ. ನೆಟ್‌ನಲ್ಲಿ ಹುಡುಕಿದರೆ ಪಿಎಸ್‌ಟಿ ರಿಪೇರಿ ಮಾಡಿಕೊಡುವ ಹತ್ತಾರು ಸಾಫ್ಟ್‌ವೇರ್ ಇವೆ. ಒಂದರ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ ಕೂಡ ಸಿಕ್ಕಿತು. ಹಾಕಲಾ?

ಸಿಂಧನೂರು ರಿಪೇರಿ
ಬೇಡವೇ ಬೇಡ. ಕ್ರ್ಯಾಕ್ ಜೊತೆ ವೈರಸ್ ಬಂದು ಫೈಲ್‌ಗಳಿಗೆಲ್ಲ ಬೀಗ ಜಡಿದಿದ್ದನ್ನು ನಮ್ಮ ಅಂಗಡಿಯಲ್ಲಿ ನಾನೇ ನೋಡಿದ್ದೇನೆ. ಔಟ್‌ಲುಕ್ ಇರುವ ಯಾರ ಕಂಪ್ಯೂಟರ್‌ನಲ್ಲಾದರೂ ಸ್ಕ್ಯಾನ್‌ಪಿಎಸ್‌ಟಿ ಅಂತ ಹುಡುಕಿ, ಪಿಎಸ್‌ಟಿ ರಿಪೇರಿ ಮಾಡುವ ಪ್ರೋಗ್ರಾಂ ಅದು. ಆಫೀಸ್ ಜೊತೆಗೇ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಮೊದಲು ಪಿಎಸ್‌ಟಿಯ ಇನ್ನೊಂದು ಪ್ರತಿ ಮಾಡಿಕೊಂಡು, ಆ ಪ್ರತಿಯ ಮೇಲೆ ಓಡಿಸಿ. ಅದು ರಿಪೇರಿ ಮಾಡುವಾಗ ಸರಿಯಿಲ್ಲದ್ದನ್ನು ಕಿತ್ತುಹಾಕುತ್ತದೆ. ಮೂಲ ಮುಟ್ಟಿದರೆ ಹಿಂದೆ ಬರಲು ದಾರಿ ಇರುವುದಿಲ್ಲ.

ಕುಷ್ಟಗಿ ಕಾಕಾ
ಅಪ್ಪನ ಕಂಪ್ಯೂಟರ್‌ನ ಔಟ್‌ಲುಕ್ 2007ಕ್ಕೆ ಜೀಮೇಲ್ ಸೇರಿಸಿ ಎಲ್ಲ ಮೇಲ್ ಎಳೆದು ಹಾಕಿದರೆ ಆಗುವುದಿಲ್ಲವೇ?

ತೋರಣಗಲ್ಲು ಶಿಫ್ಟ್
ಆ ಡಿಸ್ಕ್‌ನಿಂದ ಇನ್ನು ಏನನ್ನೂ ಓಡಿಸಬಾರದು ಕಾಕಾ. ಅಲ್ಲದೆ 2007ರ ಔಟ್‌ಲುಕ್‌ಗೆ ಗೂಗಲ್‌ನ ಈಗಿನ ಲಾಗಿನ್ ಬರುವುದಿಲ್ಲ. ಹೊಸ ಔಟ್‌ಲುಕ್ ಇರುವಲ್ಲಿ ನೀವು ಹೇಳಿದ್ದು ಮಾಡಬಹುದು. ಜೀಮೇಲ್‌ನಲ್ಲಿ ಸಿಗುವುದು 15 ಜಿಬಿ, ಫೋಟೊ, ಡ್ರೈವ್ ಎಲ್ಲ ಸೇರಿ. ಮೊದಲು ಎಷ್ಟು ಖಾಲಿ ಇದೆ ನೋಡಬೇಕು.

ಸಿರುಗುಪ್ಪ ಲಿನಕ್ಸ್
ಉಬುಂಟು ಪೆನ್‌ಡ್ರೈವ್ ನಿಮ್ಮ ಹತ್ತಿರ ಇದೆಯಲ್ಲ. ಔಟ್‌ಲುಕ್ ಎಲ್ಲೂ ಸಿಗದಿದ್ದರೆ ರೀಡ್‌ಪಿಎಸ್‌ಟಿ ಅನ್ನುವ ಪ್ರೋಗ್ರಾಂ ಇದೆ. ಪಿಎಸ್‌ಟಿಯನ್ನು ಎಂಬಾಕ್ಸ್ ಮಾಡಿಕೊಡುತ್ತದೆ. ಆಮೇಲೆ ಥಂಡರ್‌ಬರ್ಡ್‌ನಲ್ಲಿ ಓದಬಹುದು. ಮುಂದಕ್ಕೆ ಇದೇ ಒಳ್ಳೆಯದು. ಎಂಬಾಕ್ಸ್ ಅಂದರೆ ಸಾದಾ ಅಕ್ಷರದ ಫೈಲ್, ಯಾವ ಕಂಪನಿ ಮುಚ್ಚಿದರೂ ಓದಲು ಬರುತ್ತದೆ.

ಗವಿಮಠ ಓಣಿ, ಕೊಪ್ಪಳ
ಚಿಕ್ಕಪ್ಪನ ಮಗನ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಇತ್ತು. ಪ್ರತಿಯ ಮೇಲೆ ಸ್ಕ್ಯಾನ್‌ಪಿಎಸ್‌ಟಿ ಓಡಿಸಿದೆವು. ಒಂದೇ ಸಲಕ್ಕೆ ಆಗಲಿಲ್ಲ, ಮೂರನೇ ಸಲ ತಪ್ಪಿಲ್ಲ ಅಂತ ಬಂತು. ತೆರೆಯಿತು! ಫೋಲ್ಡರ್‌ಗಳೆಲ್ಲ ಇವೆ. ಕೆಲವು ಮೇಲ್ ಬೇರೆಯಾಗಿ ಲಾಸ್ಟ್ ಆ್ಯಂಡ್ ಫೌಂಡ್ ಅನ್ನುವ ಫೋಲ್ಡರ್‌ನಲ್ಲಿ ಕೂತಿವೆ.

ಆದರೆ ಒಂದು ಸಂಕಟ. 2010ಕ್ಕಿಂತ ಹಿಂದಿನ ಕನ್ನಡ ಮೇಲ್ ಎಲ್ಲ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು, ಚುಕ್ಕಿ ಇಟ್ಟ ಹಾಗೆ ಕಾಣುತ್ತವೆ. ಒಂದೂ ಓದಲು ಬರುವುದಿಲ್ಲ. ಕೆಟ್ಟು ಹೋದವಾ?

ಬಳ್ಳಾರಿ ಅಕ್ಕ
ಕೆಟ್ಟಿಲ್ಲ ತಮ್ಮ! ಅದು ‘ನುಡಿ’ ಅಥವಾ ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್. ಕನ್ನಡ ಅಕ್ಷರಕ್ಕೆ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್ ನಮ್ಮಲ್ಲಿ ರೂಢಿಗೆ ಬರುವ ಮೊದಲು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟ್ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಹೀಗೇ ಕಾಣುತ್ತದೆ. ಅಪ್ಪ ಏನು ಬಳಸುತ್ತಿದ್ದರು ಕೇಳಿ, ಆ ಫಾಂಟ್ ಹಾಕಿ. ಹಳೇ ಡಿಸ್ಕ್‌ನ ಪ್ರತಿಯಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಇದೆಯಲ್ಲ, ಅಲ್ಲೇ ಸಿಗುತ್ತದೆ.

ಆಮೇಲೆ ನಿಧಾನಕ್ಕೆ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಪರಿವರ್ತಕಗಳಿವೆ. ಬದಲಾಯಿಸಿದ್ದನ್ನು ಬೇರೆ ಫೈಲ್‌ನಲ್ಲಿ ಇಡಿ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪುತ್ತವೆ. ಶಾಸನದ ಪಾಠದಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಥವೇ ಬೇರೆ, ಅಪ್ಪನೇ ಕೂತು ನೋಡಬೇಕು.

ಮಾನ್ವಿ ಮೇಷ್ಟ್ರು
ಎಷ್ಟು ಜನರ ಹಳೇ ಬರಹ ಈ ಫಾಂಟ್ ಕಾರಣಕ್ಕೆ ಕೆಟ್ಟಿದೆ ಅಂತ ಅಳಿಸಿ ಹೋಗಿದೆಯೋ. ಇದನ್ನು ನಮ್ಮ ಶಿಕ್ಷಕರ ಗುಂಪಿಗೆ ಈಗಲೇ ಕಳಿಸುತ್ತೇನೆ.

ಸಿಂಧನೂರು ರಿಪೇರಿ
ತೆರೆಯಿತು ಅಂತ ಬಿಡಬೇಡಿ ಅಣ್ಣ. ಪ್ರತಿ ವರ್ಷದ ನಾಲ್ಕೈದು ಮೇಲ್ ತೆರೆಯಿರಿ. ಜೊತೆಗಿರುವ ಫೋಟೊ ಪೂರ್ತಿ ತೆರೆಯುತ್ತದಾ ನೋಡಿ, ಅರ್ಧ ಬೂದಿ ಬಣ್ಣ ಬಂದರೆ ಆ ಫೋಟೊ ಕೆಟ್ಟಿದೆ. ಹಾಗಿದ್ದರೆ ಆ ಗೆಳೆಯರನ್ನೇ ಕೇಳಿ, ಅವರ ಹತ್ತಿರ ಅದೇ ಮೇಲ್ ಇರಬಹುದು. ಮೂರು ಪ್ರತಿ ಇಡಿ. ಒಂದು ಮನೆಯಿಂದ ಹೊರಗೆ ಇರಲಿ.

ಗವಿಮಠ ಓಣಿ, ಕೊಪ್ಪಳ
ಅಪ್ಪ ನುಡಿ ಬಳಸುತ್ತಿದ್ದರು. ಫಾಂಟ್ ಹಾಕಿದ ಕೂಡಲೇ ಕನ್ನಡ ಬಂತು. ಬೆಳಿಗ್ಗೆಯಿಂದ ಅವರೇ ಕೂತಿದ್ದಾರೆ, ಊಟಕ್ಕೂ ಏಳುತ್ತಿಲ್ಲ. ಒಂದು ನೋಟ್‌ಬುಕ್‌ನಲ್ಲಿ ವರ್ಷ ಬರೆದು ಗುರುತು ಹಾಕುತ್ತಿದ್ದಾರೆ. 2012ರ 11 ಫೋಟೊ ಪೂರ್ತಿ ತೆರೆಯುತ್ತಿಲ್ಲ. ಅವನ್ನು ಕಳಿಸಿದವರು ಧಾರವಾಡದಲ್ಲಿದ್ದಾರೆ. ಆರೇಳು ವರ್ಷದಿಂದ ಇಬ್ಬರೂ ಮಾತಾಡಿರಲಿಲ್ಲವಂತೆ, ಒಂದು ಪದದ ಓದಿನ ಮೇಲೆ ಮನಸ್ತಾಪ. ಈಗ ಫೋನ್ ಹಚ್ಚಿದ್ದಾರೆ. ಅರ್ಧ ಗಂಟೆಯಾಯಿತು, ಇನ್ನೂ ಮಾತು ಮುಗಿದಿಲ್ಲ.

ಗಂಗಾವತಿ ಮಿಲ್
ಹೊರಗಿನ ಪ್ರತಿ ನಮ್ಮಲ್ಲಿ ಇಡಿ ಬೇಕಾದರೆ. ಮಿಲ್ ಆಫೀಸಿನಲ್ಲಿ ಕಬ್ಬಿಣದ ಬೀರು ಇದೆ. ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿಯೇ ಕೊಡಿ.

ಗವಿಮಠ ಓಣಿ, ಕೊಪ್ಪಳ
ಬರುತ್ತೇನೆ ಅಣ್ಣ. ಭಾನುವಾರ ಬಸ್ಸಿಗೆ ಬರುತ್ತೇನೆ. ಮೇಷ್ಟ್ರೇ, ಶಾಲೆ ಶುರುವಾದ ಮೇಲೆ ದಿನ ಹೇಳಿ, ಅಪ್ಪ ಬರುತ್ತಾರಂತೆ.